ಗೂಳಿಗಳ ನಡುವಿನ ಎತ್ತುಗಳು

ದೊಡ್ಡವರ ಹೆಸರನ್ನು ಹೇಳುವುದಕ್ಕೆ ಊರಲ್ಲಿ ಬೇಕಾದಷ್ಟು ಜನ ಇರುತ್ತಾರೆ. ಸಣ್ಣವರ ಹೆಸರನ್ನು ನೆನಪಿಟ್ಟು ಹೇಳುವುದಕ್ಕೆ ಮಾತ್ರ ಕೆಲಸವಿಲ್ಲದ ಒಬ್ಬ ಮನುಷ್ಯ ಬೇಕು. ಅಂಗಡಿಯ ಗಾದಿಯನ್ನು ಮಗನಿಗೆ ಬಿಟ್ಟುಕೊಟ್ಟ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂದಿದೆ. ಆದ್ದರಿಂದ ಈ ತಿಂಗಳು ನಮ್ಮ ಪತ್ರಿಕೆಯ ಓದುಗ ಬಂಧುಗಳ ಮುಂದೆ ಅಮೇರಿಕದ ಶಿಕಾಗೋ ಪಟ್ಟಣದ ಒಂದು ಬಾಸ್ಕೆಟ್‌ಬಾಲ್ ತಂಡದ ಕೆಲವು ಮರೆತುಹೋದ ಆಟಗಾರರ ಸುದ್ದಿ ಹೇಳಬೇಕೆಂದಿದ್ದೇನೆ. ಅಕ್ಕಲಕೋಟೆಯಲ್ಲಿ ತೊಗರಿ, ಜೋಳ ತೂಗುವ ಅಡತಿ ವ್ಯಾಪಾರಿಗೂ ಶಿಕಾಗೋದ ಚೆಂಡಿಗೂ ಎಲ್ಲಿಯ ಸಂಬಂಧ ಎಂದು ನೀವು ಕೇಳುವಿರಿ. ಕೇಳುವುದು ನ್ಯಾಯವೇ. ಮೊದಲು ಲೆಕ್ಕ ಕೊಡುತ್ತೇನೆ, ಆಮೇಲೆ ಮಾಲು ಬಿಚ್ಚುತ್ತೇನೆ.

1993ರ ದೀಪಾವಳಿಯ ಹೊತ್ತಿಗೆ ನಮ್ಮ ಓಣಿಗೆ ಕೇಬಲ್ ಟಿ.ವಿ. ಬಂತು. ಮಕ್ಕಳಿಗೆ ಸಿನಿಮಾ ಆಯಿತು, ಹೆಂಗಸರಿಗೆ ಧಾರಾವಾಹಿ ಆಯಿತು. ನನಗೆ ಉಳಿದದ್ದು ಮುಂಜಾನೆ ಬಸದಿಯಿಂದ ಬಂದು, ನಾಷ್ಟಾ ಮುಗಿಸಿ, ಅಂಗಡಿಗೆ ಹೊರಡುವ ತನಕದ ಮುಕ್ಕಾಲು ತಾಸು. ನಮಗೆ ಬೆಳಗಾಗುವಾಗ ಅಮೇರಿಕದಲ್ಲಿ ರಾತ್ರಿಯ ಆಟ ನಡೆದಿರುತ್ತದೆ. ಕೆಲವೊಮ್ಮೆ ಹಸಿ ಆಟ, ಕೆಲವೊಮ್ಮೆ ಒಂದೆರಡು ದಿನ ಹಳಸಿದ ಆಟ, ಏನು ಬಂದರೂ ನೋಡುತ್ತಿದ್ದೆ. ಅಂಗಣದಲ್ಲಿ ಒಂದು ತಂಡಕ್ಕೆ ಐದೇ ಜನ. ಬುಟ್ಟಿಗೆ ಚೆಂಡು ಹಾಕಿದರೆ ಎರಡು ಪಾಯಿಂಟು, ದೂರದ ಗೆರೆಯ ಆಚೆಯಿಂದ ಹಾಕಿದರೆ ಮೂರು, ಎದುರಿನವನು ತಪ್ಪು ಮಾಡಿದಾಗ ಸಿಗುವ ಪುಕ್ಕಟೆ ಎಸೆತಕ್ಕೆ ಒಂದು. ಇಷ್ಟು ಗೊತ್ತಾದರೆ ಸಾಕು. ಮ್ಯಾಟ್ರಿಕ್ ಓದಿದವನಿಗೆ ತಿಳಿಯದಂಥ ಗಣಿತ ಅದರಲ್ಲಿಲ್ಲ.

ಆ ತಂಡದ ಹೆಸರು ಶಿಕಾಗೋ ಬುಲ್ಸ್, ಅಂದರೆ ಗೂಳಿಗಳು. 1966ರಲ್ಲಿ ಹುಟ್ಟಿದ ತಂಡ. 1984ರಲ್ಲಿ ಮೈಕೇಲ್ ಜಾರ್ಡನ್ ಎಂಬ ಮಹಾಶಯ ಅಲ್ಲಿಗೆ ಬಂದ ಮೇಲೆ ಅದರ ದೆಸೆ ತಿರುಗಿತು. 1991, 1992, 1993 ಮತ್ತೆ 1996, 1997, 1998, ಹೀಗೆ ಮೂರು ಮೂರರಂತೆ ಎರಡು ಕಂತಿನಲ್ಲಿ ಆರು ಸಲ ಅದು ಅಮೇರಿಕದ ಎನ್.ಬಿ.ಎ. ಚಾಂಪಿಯನ್ ಆಯಿತು. ಜಾರ್ಡನ್, ಪಿಪ್ಪೆನ್, ತಲೆಗೂದಲಿಗೆ ದಿನಕ್ಕೊಂದು ಬಣ್ಣ ಬಳಿದುಕೊಳ್ಳುತ್ತಿದ್ದ ರಾಡ್‌ಮನ್, ಇವರ ಹೆಸರು ಲೋಕಕ್ಕೆಲ್ಲ ಗೊತ್ತು. ನಾನು ಹೇಳಹೊರಟಿದ್ದು ಇವರ ಸುದ್ದಿಯಲ್ಲ.

ನಮ್ಮ ಮನೆಯವರು ಅಡುಗೆ ಮನೆಯಿಂದಲೇ ಕೂಗುತ್ತಿದ್ದರು: “ಮುಗೀತೇನ್ರಿ ನಿಮ್ಮ ಎತ್ತಿನ ಆಟ?”

“ಎತ್ತಲ್ಲ, ಗೂಳಿ” ಎಂದು ನಾನು ತಿದ್ದುತ್ತಿದ್ದೆ.

“ಎಲ್ಲಾ ಗೂಳೀನೇ ಆದ್ರ ಹೊಲ ಹರಗೋರು ಯಾರ್ರೀ?”

ಅವರು ಚೇಷ್ಟೆಗೆ ಕೇಳಿದ ಮಾತು. ಆದರೆ ಅಂದಿನಿಂದ ನನ್ನ ಕಣ್ಣು ಗೂಳಿಗಳನ್ನು ಬಿಟ್ಟು ಹರಗುವ ಎತ್ತುಗಳನ್ನು ಹುಡುಕತೊಡಗಿತು. ಬೆಂಚಿನ ಮೇಲೆ ಟವೆಲ್ ಹೊದ್ದು ಕೂತು, ಕರೆದಾಗ ಎದ್ದು, ಐದು ಮಿನಿಟು ಆಡಿ, ಮತ್ತೆ ಬಂದು ಕೂರುವ ಆ ಜನರ ಮೇಲೆ ನನಗೆ ಬಹಳ ಪ್ರೀತಿ ಹುಟ್ಟಿತು.

ಮೊದಲು ವಿಲ್ ಪರ್ಡ್ಯೂ ಎಂಬವನನ್ನು ನೋಡಿ. ಏಳು ಅಡಿ ಎತ್ತರದ ಆಳು. ಬಾಸ್ಕೆಟ್‌ಬಾಲಿಗೆ ಹೆಸರಾದ ಪರ್ಡ್ಯೂ ಎಂಬ ವಿಶ್ವವಿದ್ಯಾಲಯ ಅಲ್ಲಿದೆ. ಇವನ ಮನೆತನದ ಹೆಸರೂ ಕೇಳುವುದಕ್ಕೆ ಹಾಗೆಯೇ, ಆದರೆ ಇವನು ಕಲಿತದ್ದು ವ್ಯಾಂಡರ್‌ಬಿಲ್ಟ್‌ನಲ್ಲಿ. ಅಷ್ಟು ದೊಡ್ಡ ಆಟದ ಶಾಲೆಯ ಹೆಸರು ಇಟ್ಟುಕೊಳ್ಳುವಷ್ಟು ಯೋಗ್ಯತೆ ನಿನಗಿಲ್ಲ ಎಂದು ಜಾರ್ಡನ್ ಅವನ ಹೆಸರನ್ನೇ ಬದಲಿಸಿ “ವಿಲ್ ವ್ಯಾಂಡರ್‌ಬಿಲ್ಟ್” ಎಂದು ಕರೆಯುತ್ತಿದ್ದನಂತೆ. ಅಡ್ಡಹೆಸರು ಇಡುವುದರಲ್ಲಿ ನಮ್ಮ ಬಜಾರಿನವರನ್ನು ಮೀರಿಸಿದವರು ಯಾರೂ ಇಲ್ಲ ಎಂದು ನಾನು ತಿಳಿದಿದ್ದೆ. ಇರುವ ಹೆಸರನ್ನೇ ಜಪ್ತಿ ಮಾಡುವ ಈ ಪದ್ಧತಿ ನಮ್ಮಲ್ಲೂ ಇರಲಿಲ್ಲ. 1995ರಲ್ಲಿ ಈ ಪರ್ಡ್ಯೂನನ್ನು ಸ್ಯಾನ್ ಆಂಟೋನಿಯೋ ತಂಡಕ್ಕೆ ಕೊಟ್ಟು, ಬದಲಿಗೆ ರಾಡ್‌ಮನ್‌ನನ್ನು ತಂದರು. ಶಿಕಾಗೋದವರಿಗೆ ಬಂಗಾರದ ವ್ಯಾಪಾರ ಆಯಿತೆಂದು ಎಲ್ಲರೂ ಬರೆದರು. ಆದರೆ ಪರ್ಡ್ಯೂನ ಖಾತೆಯನ್ನೂ ನೋಡಬೇಕು. ಶಿಕಾಗೋದಲ್ಲಿ ಮೂರು ಚಾಂಪಿಯನ್ ಉಂಗುರ ತೊಟ್ಟಿದ್ದ ಆತ 1999ರಲ್ಲಿ ಸ್ಯಾನ್ ಆಂಟೋನಿಯೋದಲ್ಲಿ ನಾಲ್ಕನೆಯದನ್ನೂ ತೊಟ್ಟ. ಮಾರಿದ ಮಾಲು ಕೊಂಡವರ ಮನೆಯಲ್ಲೂ ಬರಕತ್ತು ತಂದಿತು ಎನ್ನಬೇಕು.

ಸ್ಟೇಸಿ ಕಿಂಗ್‌ನ ಮಾತನ್ನು ನಾನು ಅನೇಕ ಮದುವೆ ಊಟದ ಪಂಕ್ತಿಗಳಲ್ಲಿ ಹೇಳಿ ನಗಿಸಿದ್ದೇನೆ. 1990ರ ಮಾರ್ಚ್ 28ರಂದು ಕ್ಲೀವ್‌ಲ್ಯಾಂಡಿನಲ್ಲಿ ಜಾರ್ಡನ್ ಒಬ್ಬನೇ 69 ಪಾಯಿಂಟು ಹೊಡೆದ. ಅವನ ಜೀವಮಾನದ ದೊಡ್ಡ ಲೆಕ್ಕ ಅದು. ಅದೇ ಆಟದಲ್ಲಿ ಹೊಸದಾಗಿ ಬಂದ ಕಿಂಗ್‌ನ ಗಳಿಕೆ ಒಂದೇ ಒಂದು ಪಾಯಿಂಟು. ಆಟ ಮುಗಿದ ಮೇಲೆ ಆತ, ನಾನೂ ಜಾರ್ಡನ್ನೂ ಕೂಡಿ 70 ಪಾಯಿಂಟು ಹೊಡೆದ ರಾತ್ರಿ ಎಂದು ಇದನ್ನು ಎಂದೆಂದಿಗೂ ನೆನೆಯುತ್ತೇನೆ ಎಂದನಂತೆ! ಇದಕ್ಕಿಂತ ಒಳ್ಳೆಯ ಪಾಲುದಾರಿಕೆ ವ್ಯಾಪಾರವನ್ನು ನಾನು ಕಂಡಿಲ್ಲ. ಅಣ್ಣ ತಮ್ಮಂದಿರು ಪಾಲಿನ ಮಾತಿಗೆ ಕೂತಾಗ ಇದನ್ನು ಹೇಳಿದರೆ ಅರ್ಧ ಜಗಳ ಅಲ್ಲೇ ಕರಗುತ್ತದೆ. ಕಿಂಗ್ ಮುಂದೆ ಅದೇ ತಂಡದ ಆಟಗಳನ್ನು ಟಿ.ವಿ.ಯಲ್ಲಿ ವರ್ಣಿಸುವ ಕೆಲಸಕ್ಕೆ ಬಂದು, ಆಡುವುದಕ್ಕಿಂತ ಹೆಚ್ಚಿನ ಹೆಸರನ್ನು ಬಾಯಿಂದ ಗಳಿಸಿದ.

ಸರಿಯಾಗಿ ಐದು ವರ್ಷದ ಮೇಲೆ ಮತ್ತೆ ಮಾರ್ಚ್ 28, ಇಸವಿ 1995. ಆಟ ಬಿಟ್ಟುಹೋಗಿದ್ದ ಜಾರ್ಡನ್ ಮರಳಿ ಬಂದು ಹತ್ತು ದಿನವೂ ಆಗಿರಲಿಲ್ಲ. ನ್ಯೂಯಾರ್ಕಿನಲ್ಲಿ 55 ಪಾಯಿಂಟು ಹೊಡೆದಿದ್ದಾನೆ, ಎರಡೂ ತಂಡ 111ಕ್ಕೆ ಸಮನಾಗಿವೆ, ಕೆಲವೇ ಸೆಕೆಂಡು ಉಳಿದಿವೆ. ಎದುರಿನವರೆಲ್ಲ ಅವನ ಮೇಲೆಯೇ ಮುಗಿಬಿದ್ದರು. ಅವನು ಚೆಂಡನ್ನು ಮೆಲ್ಲಗೆ ಬುಟ್ಟಿಯ ಕೆಳಗೆ ಒಬ್ಬನೇ ನಿಂತಿದ್ದ ಬಿಲ್ ವೆನ್ನಿಂಗ್ಟನ್ನನಿಗೆ ಕೊಟ್ಟ. ಅವನು ಎರಡೂ ಕೈಯಿಂದ ಬುಟ್ಟಿಗೆ ತುರುಕಿದ, 113-111, ಆಟ ಮುಗಿಯಿತು. ಈ ವೆನ್ನಿಂಗ್ಟನ್ ಕೆನಡಾದವನು. ನಡುವೆ ಎರಡು ವರ್ಷ ಇಟಲಿಗೆ ಹೋಗಿ ಹೊಟ್ಟೆ ಹೊರೆದು ಬಂದವನು. 1998ರಲ್ಲಿ ಶಿಕಾಗೋದ ಮೆಕ್‌ಡೊನಾಲ್ಡ್ಸ್ ಹೋಟೆಲುಗಳಲ್ಲಿ ಇವನ ಹೆಸರಿನ ಒಂದು ತಿಂಡಿಯನ್ನೇ ಮಾರಾಟಕ್ಕೆ ಇಟ್ಟರು. ಆ ತಿಂಡಿಯೊಳಗೆ ಏನಿತ್ತೆಂಬುದು ನಮ್ಮ ಪತ್ರಿಕೆಯಲ್ಲಿ ಬರೆಯುವ ಮಾತಲ್ಲ. ಆದರೆ ಬೆಂಚಿನ ಮೇಲೆ ಕೂರುವವನ ಹೆಸರು ಹೋಟೆಲಿನ ಹಲಗೆಗೆ ಏರಿತಲ್ಲ, ಅದಕ್ಕಾಗಿ ಸಂತೋಷ.

ಡಿಕ್ಕಿ ಸಿಂಪ್ಕಿನ್ಸ್ ಎಂಬವನ ಸುದ್ದಿ ಅಡತಿ ವ್ಯಾಪಾರಿಗಳಿಗೇ ಹೇಳಿಮಾಡಿಸಿದ್ದು. 1997ರಲ್ಲಿ ಅವನನ್ನು ಗೋಲ್ಡನ್ ಸ್ಟೇಟ್ ತಂಡಕ್ಕೆ ಕೊಟ್ಟು ಸ್ಕಾಟ್ ಬರ್ರೆಲ್ ಎಂಬವನನ್ನು ತೆಗೆದುಕೊಂಡರು. ಕೆಲವೇ ತಿಂಗಳಲ್ಲಿ ಅಲ್ಲಿಯವರು ಸಿಂಪ್ಕಿನ್ಸ್‌ನನ್ನು ಬಿಟ್ಟುಬಿಟ್ಟರು. ಶಿಕಾಗೋದವರು ಮತ್ತೆ ಅವನನ್ನೇ ಕರೆದು ಒಳಗೆ ಕೂರಿಸಿದರು. ಅಂದರೆ 1998ರ ತಂಡದಲ್ಲಿ ಕೊಟ್ಟ ಮಾಲೂ ಇದೆ, ಅದಕ್ಕೆ ಬದಲು ತಂದ ಮಾಲೂ ಇದೆ! ಮೂವತ್ತು ವರ್ಷ ತಕ್ಕಡಿ ಹಿಡಿದೂ ಇಂಥ ಸವದಾ ನನ್ನ ಕೈಯಿಂದ ಒಂದೂ ಆಗಲಿಲ್ಲ.

ಆಸ್ಟ್ರೇಲಿಯದ ಲೂಕ್ ಲಾಂಗ್ಲಿ ಏಳು ಅಡಿ ಎರಡು ಇಂಚಿನವನು. 1996ರ ನವೆಂಬರದಲ್ಲಿ ತಂಡ ಕ್ಯಾಲಿಫೋರ್ನಿಯಾಕ್ಕೆ ಹೋದಾಗ ಸಮುದ್ರ ಕಂಡವನೇ ತೆರೆಗಳ ಮೇಲೆ ಈಜಲು ಹೋಗಿ ಭುಜಕ್ಕೆ ಪೆಟ್ಟು ಮಾಡಿಕೊಂಡು, ಅನೇಕ ಆಟ ಕಳೆದುಕೊಂಡ. ಜೊತೆಗೆ ಹೋಗಿದ್ದವನು ಇನ್ನೊಬ್ಬ ಬೆಂಚಿನ ಗೆಳೆಯ, ಜಡ್ ಬ್ಯೂಚ್ಲರ್. ಸೊಲ್ಲಾಪುರಕ್ಕೆ ಖರೀದಿಗೆಂದು ಕಳಿಸಿದ ಇಬ್ಬರು ಹುಡುಗರು ಸಿದ್ಧೇಶ್ವರ ಕೆರೆಯಲ್ಲಿ ಈಜಿ ಕೈಗೆ ಪಟ್ಟಿ ಕಟ್ಟಿಕೊಂಡು ಬಂದರೆ ಸಾವಕಾರನ ಮುಖ ಹೇಗಾದೀತೋ, ಅಂದು ಆ ತಂಡದ ಯಜಮಾನರ ಮುಖ ಹಾಗೇ ಆಗಿದ್ದೀತು.

ಜ್ಯಾಕ್ ಹೇಲಿ ಎಂಬವನಂತೂ ಎಲ್ಲರಿಗಿಂತ ಸುಖಿ. 1995-96ರಲ್ಲಿ ಆ ತಂಡ 82ರಲ್ಲಿ 72 ಆಟ ಗೆದ್ದು ದಾಖಲೆ ಮಾಡಿತು. ಆ ವರ್ಷ ಹೇಲಿ ಆಡಿದ್ದು ಒಂದೇ ಆಟ. ಅವನ ಮುಖ್ಯ ಕೆಲಸ ರಾಡ್‌ಮನ್‌ಗೆ ಸ್ನೇಹಿತನಾಗಿ ಪಕ್ಕದಲ್ಲಿ ಕೂರುವುದು. ನಗಬೇಡಿ. ಹುಂಬ ಸ್ವಭಾವದ ಒಬ್ಬ ಗಿರಾಕಿ ಬಂದರೆ ಅವನೊಡನೆ ಚಹ ಕುಡಿದು, ಅವನ ಮಾತು ಕೇಳಿ, ಅವನನ್ನು ತಣ್ಣಗಿಡುವವನೊಬ್ಬ ಪ್ರತಿ ಅಂಗಡಿಯಲ್ಲೂ ಬೇಕಾಗುತ್ತದೆ. ಅವನ ಸಂಬಳ ಕೀರ್ದಿಯ ಯಾವ ಕಲಮಿಗೂ ಸರಿಹೊಂದುವುದಿಲ್ಲ, ಆದರೂ ಅವನಿಲ್ಲದೆ ನಡೆಯುವುದಿಲ್ಲ. ಹೇಲಿ 2015ರಲ್ಲಿ ತೀರಿಕೊಂಡ, ಐವತ್ತೊಂದೇ ವರ್ಷದವನು.

ನಗೆಯ ಮಾತು ಇಷ್ಟಾಯಿತು. ಈಗ ಎರಡು ಘಟನೆಗಳನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

1992ರ ಜೂನ್ 14. ಶಿಕಾಗೋದಲ್ಲಿ ಪೋರ್ಟ್‌ಲ್ಯಾಂಡ್ ತಂಡದ ಎದುರು ಕೊನೆಯ ಹಣಾಹಣಿಯ ಆರನೆಯ ಆಟ. ನಾಲ್ಕು ಭಾಗದಲ್ಲಿ ಮೂರು ಮುಗಿದಾಗ ಶಿಕಾಗೋ 15 ಪಾಯಿಂಟು ಹಿಂದೆ ಬಿದ್ದಿತ್ತು. ಆಗ ತರಬೇತುದಾರ ಫಿಲ್ ಜ್ಯಾಕ್ಸನ್ ಜಾರ್ಡನ್ನನನ್ನು ಬೆಂಚಿಗೆ ಕೂರಿಸಿ, ಪಿಪ್ಪೆನ್ ಒಬ್ಬನ ಜೊತೆಗೆ ನಾಲ್ಕು ಜನ ಬೆಂಚಿನವರನ್ನು ಇಳಿಸಿದರು: ಬಿ.ಜೆ. ಆರ್ಮ್‌ಸ್ಟ್ರಾಂಗ್, ಸ್ಕಾಟ್ ವಿಲಿಯಮ್ಸ್, ನಮ್ಮ ಸ್ಟೇಸಿ ಕಿಂಗ್, ಮತ್ತು ಬಾಬಿ ಹ್ಯಾನ್ಸನ್. ಈ ಹ್ಯಾನ್ಸನ್ ಬೇರೆ ಊರುಗಳಲ್ಲಿ ಎಂಟು ವರ್ಷ ದುಡಿದು ಬಂದವನು. ಇಳಿದವನೇ ದೂರದಿಂದ ಮೂರು ಪಾಯಿಂಟಿನ ಚೆಂಡು ಹಾಕಿದ. ಜನ ಎದ್ದು ನಿಂತರು. ಹದಿನೈದರ ಸಾಲ ನೋಡುನೋಡುತ್ತಿದ್ದಂತೆ ಮೂರಕ್ಕೆ ಇಳಿಯಿತು. ಆಮೇಲೆ ಜಾರ್ಡನ್ ಬಂದು ಬಾಕಿಯನ್ನು ತೀರಿಸಿದ. 97-93ರಿಂದ ಗೆದ್ದು ಚಾಂಪಿಯನ್ ಆದರು. ಹ್ಯಾನ್ಸನ್ನನಿಗೆ ಅದೇ ಕೊನೆಯ ಆಟ. ಮುಂದೆ ಆತ ಎನ್.ಬಿ.ಎ.ಯಲ್ಲಿ ಆಡಲಿಲ್ಲ. ಈ ಆಟದ ಮುದ್ರಣವನ್ನು ನಾನು ಬಹಳ ವರ್ಷದ ಮೇಲೆ ಮೊಮ್ಮಗನ ಮೊಬೈಲಿನಲ್ಲಿ ನೋಡಿದೆ. ಆ ಹತ್ತು ಹನ್ನೆರಡು ಪಾಯಿಂಟು ಕೂಡಿಸಿದವರು ಯಾರೆಂದು ಇಂದು ಕೇಳಿದರೆ ಶಿಕಾಗೋದಲ್ಲೂ ನೂರಕ್ಕೆ ತೊಂಬತ್ತು ಜನ ಹೇಳಲಾರರು.

ಅದೇ ತಂಡದ ಕ್ರೇಗ್ ಹಾಜಸ್‌ನ ಪಾಡು ಬೇರೆ. ದೂರದಿಂದ ಬುಟ್ಟಿಗೆ ಹಾಕುವ ಸ್ಪರ್ಧೆಯಲ್ಲಿ 1990, 1991, 1992 ಮೂರೂ ವರ್ಷ ಗೆದ್ದವನು. 1991ರಲ್ಲಿ ಒಂದರ ಹಿಂದೊಂದು 19 ಚೆಂಡು ತಪ್ಪಿಲ್ಲದೆ ಹಾಕಿದವನು. ಚಾಂಪಿಯನ್ನರನ್ನು ಅಧ್ಯಕ್ಷರು ಶ್ವೇತಭವನಕ್ಕೆ ಕರೆದಾಗ ಇವನು ಆಫ್ರಿಕದ ಉಡುಪು ತೊಟ್ಟು, ತನ್ನ ಬಡ ಕರಿಯ ಬಂಧುಗಳ ಕಷ್ಟ ತೋಡಿಕೊಂಡ ಪತ್ರವನ್ನು ಕೊಟ್ಟು ಬಂದ. 1992ರ ಆಟಗಳು ಮುಗಿದ ಮೇಲೆ ತಂಡ ಅವನನ್ನು ಬಿಟ್ಟಿತು. ಮತ್ತೆ ಯಾವ ತಂಡವೂ ಅವನನ್ನು ಕರೆಯಲಿಲ್ಲ. 1993ರ ಸ್ಪರ್ಧೆಗೆ ಅವನು ಯಾವ ತಂಡದ ಹೆಸರೂ ಇಲ್ಲದ ಅಂಗಿ ತೊಟ್ಟು ಬಂದ. 1996ರಲ್ಲಿ ಕೋರ್ಟಿಗೂ ಹೋದ, ಫಲ ಸಿಗಲಿಲ್ಲ. ಹೆಸರಿಲ್ಲದ ಆ ಅಂಗಿಯನ್ನು ನೆನೆದರೆ ನಗು ಬರುವುದಿಲ್ಲ. ಸಣ್ಣವನು ಸತ್ಯ ಹೇಳಿದರೆ ಅದರ ಬಡ್ಡಿಯನ್ನೂ ಅವನೇ ಕಟ್ಟಬೇಕಾಗುತ್ತದೆ.

ಇನ್ನು ನನ್ನ ಮನಸ್ಸಿಗೆ ಎಲ್ಲರಿಗಿಂತ ಹತ್ತಿರದವನ ಮಾತು. ಅವನ ಹೆಸರು ಪೀಟ್ ಮೈಯರ್ಸ್.

1993ರ ಅಕ್ಟೋಬರ್ 6ರಂದು ಜಾರ್ಡನ್ ಇದ್ದಕ್ಕಿದ್ದಂತೆ ಆಟ ಬಿಟ್ಟ. ಲೋಕದ ಅತಿ ದೊಡ್ಡ ಆಟಗಾರನ ಜಾಗ ಖಾಲಿ ಬಿತ್ತು. ಆ ಜಾಗದಲ್ಲಿ ನಿಲ್ಲಲು ಬಂದವನು ಮೈಯರ್ಸ್. 1986ರಲ್ಲಿ ಆರನೆಯ ಸುತ್ತಿನಲ್ಲಿ, ಸಂತೆ ಮುರಿಯುವ ಹೊತ್ತಿನಲ್ಲಿ ಕಾಯಿಪಲ್ಲೆ ಕೊಂಡಂತೆ, ಇದೇ ತಂಡ ಅವನನ್ನು ಆರಿಸಿಕೊಂಡಿತ್ತು. ಆಮೇಲೆ ಊರೂರು ತಿರುಗಿ, ಹಿಂದಿನ ವರ್ಷ ಇಟಲಿಯಲ್ಲಿ ಆಡಿ ಬಂದಿದ್ದ. ಜಾರ್ಡನ್ ಹಿಂದಿನ ವರ್ಷ ಆಟಕ್ಕೆ ಸರಾಸರಿ 32.6 ಪಾಯಿಂಟು ಹೊಡೆದಿದ್ದರೆ, ಮೈಯರ್ಸ್ ಹೊಡೆದದ್ದು 7.9.

ಅದೇ ಕಾರ್ತಿಕದಲ್ಲಿ ನಮ್ಮ ತಂದೆಯವರಿಗೆ ಲಕ್ವ ಹೊಡೆಯಿತು. ನಲವತ್ತು ವರ್ಷ ಗಾದಿಯ ಮೇಲೆ ಕೂತವರು ಮಂಚದ ಮೇಲೆ ಮಲಗಿದರು. ಅಂಗಡಿಯಲ್ಲಿ ನಾನು ಕೂರಬೇಕಾಯಿತು. ಅದುವರೆಗೆ ನಾನು ವಸೂಲಿಗೆ ಹಳ್ಳಿ ತಿರುಗುವುದು, ಸೊಲ್ಲಾಪುರಕ್ಕೆ ಮಾಲು ಮುಟ್ಟಿಸುವುದು, ಇಂಥ ಬೆಂಚಿನ ಕೆಲಸಗಳನ್ನೇ ಮಾಡುತ್ತಿದ್ದವನು. ರೈತರು ಚಕ್ಕಡಿ ನಿಲ್ಲಿಸಿ ಒಳಗೆ ಇಣುಕುತ್ತಿದ್ದರು. ನಾನು ಕೂತದ್ದನ್ನು ಕಂಡು, “ದೊಡ್ಡ ಸಾವಕಾರ್ರು ಇಲ್ಲೇನ್ರಿ?” ಎಂದು ಕೇಳುತ್ತಿದ್ದರು. ಇಲ್ಲ ಎಂದರೆ, “ಹಂಗಾರ ನಾಳಿ ಬರ್ತೀವಿ ಬಿಡ್ರಿ” ಎಂದು ಕೆಲವರು ಹೊರಟೇಬಿಡುತ್ತಿದ್ದರು. ಎದುರಿನ ಅಂಗಡಿಗೆ ಹೋಗಿ ಅವರು ಮಾಲು ಇಳಿಸುವುದನ್ನು ನಾನು ಗಾದಿಯ ಮೇಲಿಂದಲೇ ನೋಡುತ್ತಿದ್ದೆ. ಮನೆಯಲ್ಲಿ ಇಬ್ಬರು ತಂಗಿಯರ ಮದುವೆ ಬಾಕಿ ಇತ್ತು. ಹಂಗಾಮು ಕೈತಪ್ಪಿದರೆ ಏನು ಗತಿ ಎಂದು ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಮುಂಜಾನೆ ಟಿ.ವಿ. ಹಚ್ಚಿದರೆ ಅಲ್ಲಿ ಪೀಟ್ ಮೈಯರ್ಸ್. ಅವನಿಗೂ ಅದೇ ಪಾಡು, ದೊಡ್ಡ ಸಾವಕಾರ್ರು ಎಲ್ಲಿ ಎಂದು ಹದಿನೆಂಟು ಸಾವಿರ ಜನ ಒಟ್ಟಿಗೆ ಕೇಳಿದಂತೆ. ಆದರೆ ಅವನು ಜಾರ್ಡನ್ನನಂತೆ ಹಾರಲು ಹೋಗುತ್ತಿರಲಿಲ್ಲ. ಎದುರಿನವನನ್ನು ಬಿಗಿಯಾಗಿ ತಡೆಯುತ್ತಿದ್ದ, ಬಂದ ಚೆಂಡನ್ನು ಯಾರಿಗೆ ಕೊಡಬೇಕೋ ಅವರಿಗೆ ಕೊಡುತ್ತಿದ್ದ, ಅಷ್ಟೇ. ನಾನು ಅವನನ್ನು ಆಟ ನೋಡುವವನಂತೆ ನೋಡಲಿಲ್ಲ, ಒಂದೇ ಶಾಲೆಯ ಜೊತೆಗಾರನಂತೆ ನೋಡಿದೆ.

ಆ ದಿನಗಳಲ್ಲಿ ನಮ್ಮ ಅಂಗಡಿಯ ದಿವಾಣಜಿ ಒಂದು ಮಾತು ಹೇಳಿದರು. ತಂದೆಯವರ ಕಾಲದಿಂದ ಕೀರ್ದಿ ಬರೆಯುತ್ತಿದ್ದ ಹಿರಿಯರು. ಸಂಜೆ ಲೆಕ್ಕ ಮುಗಿಸಿ, ಕನ್ನಡಕ ತೆಗೆದು ಒರೆಸುತ್ತ, “ಸಣ್ಣ ಸಾವಕಾರ್ರ, ನೀವು ದೊಡ್ಡ ಸಾವಕಾರ್ರ ಆಗಾಕ ಹೋಗಬ್ಯಾಡ್ರಿ. ತಕ್ಕಡಿ ಸರಿ ಹಿಡೀರಿ, ಪಟ್ಟಿ ಅದೇ ದಿನ ಚುಕ್ತಾ ಮಾಡ್ರಿ. ಹೋದ ರೈತರು ತಾವಾಗೇ ಬರ್ತಾರ” ಎಂದರು. ಅವರು ಶಿಕಾಗೋದ ಹೆಸರನ್ನೂ ಕೇಳಿದವರಲ್ಲ. ಆದರೆ ಮೈಯರ್ಸ್ ಆಡಿ ತೋರಿಸಿದ್ದನ್ನೇ ಅವರು ಬಾಯಲ್ಲಿ ಹೇಳಿದರು. ನಾನು ಹಾಗೇ ಮಾಡಿದೆ. ಎಳ್ಳಮವಾಸ್ಯೆ ಕಳೆಯುವ ಹೊತ್ತಿಗೆ ಅರ್ಧ ಜನ ಮರಳಿದರು, ಯುಗಾದಿಗೆ ಬಹುತೇಕ ಎಲ್ಲರೂ ಬಂದರು.

ಜಾರ್ಡನ್ ಇದ್ದ ಹಿಂದಿನ ವರ್ಷ ಆ ತಂಡ ಗೆದ್ದದ್ದು 57 ಆಟ. ಮೈಯರ್ಸ್ ಅವನ ಜಾಗದಲ್ಲಿ ನಿಂತ ವರ್ಷ ಗೆದ್ದದ್ದು 55. ಎರಡೇ ಕಡಿಮೆ! ಪಿಪ್ಪೆನ್ ಮೊದಲಾದವರ ದುಡಿಮೆ ಅದರಲ್ಲಿ ದೊಡ್ಡದು, ನಿಜ. ಆದರೂ ಆ ಜಾಗ ಕುಸಿಯದಂತೆ ಹಿಡಿದವನು ಮೈಯರ್ಸ್. ನಮ್ಮ ಅಂಗಡಿಯ ಆ ವರ್ಷದ ಲೆಕ್ಕವೂ ರೂಪಾಯಿಗೆ ಒಂದೆರಡಾಣೆ ಕಡಿಮೆ ಬಿತ್ತು, ಅಷ್ಟೇ. ಮುಂದಿನ ವರ್ಷಗಳಲ್ಲಿ ಇಬ್ಬರು ತಂಗಿಯರ ಮದುವೆಯೂ ಆಯಿತು. 1995ರ ಮಾರ್ಚಿನಲ್ಲಿ ಜಾರ್ಡನ್ ಮರಳಿ ಬಂದಾಗ ಮೈಯರ್ಸ್ ತಕರಾರಿಲ್ಲದೆ ಹಿಂದೆ ಸರಿದು ಕೂತ. ಕೆಲವು ವರ್ಷದ ಮೇಲೆ ಅದೇ ತಂಡದಲ್ಲಿ ಸಹಾಯಕ ತರಬೇತುದಾರನೂ ಆದ. ಅವರ ದೊಡ್ಡ ಸಾವಕಾರರು ಮರಳಿ ಬಂದರು. ನಮ್ಮವರು ಬರಲಿಲ್ಲ, ಅದೇ ವರ್ಷ ತೀರಿಕೊಂಡರು.

2020ರಲ್ಲಿ ಕರೋನಾದ ಬಂದ್ ಇದ್ದಾಗ ಆ ತಂಡದ ಮೇಲೆ ಹತ್ತು ಕಂತಿನ ಚಿತ್ರ ಬಂತು. ‘ದಿ ಲಾಸ್ಟ್ ಡ್ಯಾನ್ಸ್’ ಎಂದು ಅದರ ಹೆಸರು. ಅಂಗಡಿ ಮುಚ್ಚಿತ್ತು, ಮೊಮ್ಮಗನ ಜೊತೆ ಕೂತು ಎಲ್ಲವನ್ನೂ ನೋಡಿದೆ. ಕೊನೆಯ ಮೂರು ಗೆಲುವಿನಲ್ಲೂ ಇದ್ದ ಲೂಕ್ ಲಾಂಗ್ಲಿಯನ್ನು ಅದರಲ್ಲಿ ಮಾತಾಡಿಸಿಯೇ ಇಲ್ಲ. “ಅಜ್ಜಾ, ಆ ಉದ್ದನ್ನ ಆಸ್ಟ್ರೇಲಿಯಾದವನು ಯಾಕ ಮಾತಾಡಲಿಲ್ಲ?” ಎಂದು ಹುಡುಗ ಕೇಳಿದ. ಆಸ್ಟ್ರೇಲಿಯದ ಜನರೂ ಅದನ್ನೇ ಕೇಳಿದರು. 2021ರಲ್ಲಿ ಅಲ್ಲಿಯ ಟಿ.ವಿ.ಯವರು ಲಾಂಗ್ಲಿಯ ಮೇಲೆಯೇ ಒಂದು ಚಿತ್ರ ಮಾಡಿದರು, ಅದರಲ್ಲಿ ಖುದ್ದು ಜಾರ್ಡನ್ ಬಂದು ಅವನನ್ನು ಹೊಗಳಿದ. ಊರವರು ಕೇಳಿದರೆ ಬಿಟ್ಟುಹೋದ ಹೆಸರೂ ಖಾತೆಗೆ ಏರುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಅಲ್ಲಿ ಒಂದು ಪದ್ಧತಿ ನನಗೆ ಬಹಳ ಮೆಚ್ಚುಗೆಯಾಗಿದೆ. ತಂಡ ಗೆದ್ದರೆ 69 ಪಾಯಿಂಟಿನವನಿಗೂ ಉಂಗುರ, ಒಂದೇ ಪಾಯಿಂಟಿನವನಿಗೂ ಉಂಗುರ, ವರ್ಷಕ್ಕೆ ಒಂದೇ ಆಟ ಆಡಿದ ಹೇಲಿಗೂ ಉಂಗುರ. ನಮ್ಮ ಅಂಗಡಿಗಳಲ್ಲಿ ಮಾತ್ರ ಗೋಡೆಯ ಮೇಲೆ ಹಾರ ಹಾಕಿದ ಫೋಟೋ ಇರುವುದು ಗಾದಿಯ ಮೇಲೆ ಕೂತವರದು. ಕೀರ್ದಿ ಬರೆದವರು, ಚೀಲ ಹೊತ್ತ ಹಮಾಲರು, ಮಳೆಯಲ್ಲಿ ತಾಡಪತ್ರಿ ಹಿಡಿದು ಮಾಲು ಕಾಯ್ದವರು ಗೋಡೆಗೆ ಏರುವುದಿಲ್ಲ. ನಮ್ಮ ದಿವಾಣಜಿಯವರು 2009ರಲ್ಲಿ ತೀರಿಕೊಂಡರು. ಅವರ ಫೋಟೋ ಒಂದೂ ನಮ್ಮಲ್ಲಿರಲಿಲ್ಲ. ಅವರ ಮನೆಯಿಂದ ಕೇಳಿ ತಂದು, ಚೌಕಟ್ಟು ಹಾಕಿಸಿ, ತಂದೆಯವರ ಪಕ್ಕದಲ್ಲಿ ತೂಗುಹಾಕಿದೆವು. ಮೊದಲ ದಿನ ನೋಡಿದ ಹಳೆಯ ಹಮಾಲನೊಬ್ಬ ಚೀಲ ಇಳಿಸಿ, ತಲೆಯ ಮೇಲಿನ ವಸ್ತ್ರ ತೆಗೆದು ಕೈಮುಗಿದ.

ಓದುಗ ಬಂಧುಗಳಲ್ಲಿ ನನ್ನದೊಂದು ವಿನಂತಿ. ಬರುವ ದೀಪಾವಳಿಗೆ ಹೊಸ ವಹಿಯ ಪೂಜೆ ಮಾಡುವ ಮೊದಲು ಅಟ್ಟದ ಮೇಲಿನ ಒಂದು ಹಳೆಯ ಕೀರ್ದಿಯನ್ನು ಇಳಿಸಿ, ಧೂಳು ಒರೆಸಿ, ಪಗಾರದ ಪುಟವನ್ನು ತೆಗೆಯಿರಿ. ಅಲ್ಲಿರುವ ಹೆಸರುಗಳನ್ನು ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳಿ. ಯಾರು ಯಾವ ಊರಿನವರು, ಏನು ಮಾಡುತ್ತಿದ್ದರು ಎಂಬುದು ನೆನಪಿದ್ದಷ್ಟು ತಿಳಿಸಿ. ಅವರ ಮಕ್ಕಳು ಮೊಮ್ಮಕ್ಕಳು ಊರಲ್ಲಿದ್ದರೆ ಅಂದು ಒಂದು ಮಿಠಾಯಿ ಡಬ್ಬಿ ಅವರ ಮನೆಗೂ ಹೋಗಲಿ. ಖರ್ಚು ಬಹಳಿಲ್ಲ, ನೂರೋ ಇನ್ನೂರೋ. ಯಾವ ಖಾತೆಗೆ ಹಾಕುವುದು ಎಂದು ಮಗ ಕೇಳಿದರೆ, ಹಳೆಯ ಬಾಕಿ ಎಂದು ಬರೆಯಲು ಹೇಳಿ.